ಲಾಸ್ಟ್ ರ‍್ಯಾಂಕ್ ಕೊಟ್ಟ ಆಟ

ಎಂಬತ್ತರ ದಶಕದ ನಡುವೆ, ದುಬೈನಲ್ಲಿದ್ದ ನನ್ನ ಮೈದುನ ಗುಬ್ಬಿಯಲ್ಲಿದ್ದ ಹೆಂಡತಿಗೆ ಮೂರು ವಿಡಿಯೋ ಗೇಮ್ ತಂದುಕೊಟ್ಟ. ಅಂಗೈಯಗಲದವು, ಗುಂಡಿ ಒತ್ತಿದರೆ ಕೀಚ್ ಎನ್ನುವಂಥವು. ಒಂದರಲ್ಲಿ ಮೇಲಿಂದ ಬೀಳುವ ಮೊಟ್ಟೆ ಹಿಡಿಯಬೇಕು, ಇನ್ನೊಂದರಲ್ಲಿ ಕಾರು ಓಡಿಸಬೇಕು, ಮೂರನೆಯದರಲ್ಲಿ ಮುತ್ತು ಹೆಕ್ಕಬೇಕು. ಆ ವರ್ಷವಿಡೀ ತುಮಕೂರಿನಿಂದ ಹೋದಾಗಲೆಲ್ಲ ನಾನೂ ಅವಳೂ ಆಡಿದೆವು. ಸಮುದ್ರದಲ್ಲಿ ಮುಳುಗಿ ಆಡುವ ಆ ಮುತ್ತಿನ ಆಟವೆಂದರೆ ನನಗೆ ಪ್ರಾಣ. ಆದರೆ ಅದರಲ್ಲಿ ಗೆಲ್ಲುತ್ತಿದ್ದವಳು ಓರಗಿತ್ತಿಯೇ. ಮದರಂಗಿ ಹಚ್ಚಿದ ಅವಳ ಹೆಬ್ಬೆರಳು ಗುಂಡಿಗೆ ತಾಗಿದ್ದೂ ಕಾಣುತ್ತಿರಲಿಲ್ಲ.

ವರ್ಷದ ಕೊನೆಗೆ ಅವಳು, "ಅಕ್ಕ, ನೀವು ಕಾನ್ವೆಂಟಲ್ಲಿ ಓದಿರೋರು. ಮೂರಕ್ಕೂ ರ‍್ಯಾಂಕ್ ಕೊಡಿ ನೋಡೋಣ" ಎಂದಳು.

ಅವಳು ಗೆಲ್ಲುವ ಆಟಕ್ಕೆ ಫಸ್ಟ್ ಕೊಡಲು ನನ್ನ ಹೊಟ್ಟೆಕಿಚ್ಚು ಬಿಡಲಿಲ್ಲ. ಸಿಸ್ಟರ್‌ಗಳು ಕಲಿಸಿದ ದುಂಡಕ್ಷರದಲ್ಲಿ, ಪ್ರೋಗ್ರೆಸ್ ಕಾರ್ಡಿನಂತೆ ಗೆರೆ ಎಳೆದು ಬರೆದೆ: ಮೊಟ್ಟೆ ಹಿಡಿಯುವುದು ಫಸ್ಟ್, ಕಾರು ಸೆಕೆಂಡ್, ಮುತ್ತು ಲಾಸ್ಟ್. ಷರಾದಲ್ಲಿ 'ಬೇಸರ ತರಿಸುತ್ತದೆ' ಎಂದೂ ಸೇರಿಸಿದೆ.

ಅವಳು ಅದನ್ನು ಓದಿ, ಮೊಟ್ಟೆಯ ಆಟವನ್ನು ನನ್ನ ಕೈಗಿಟ್ಟಳು.

"ನಿಮ್ಗೆ ಇಷ್ಟ ಆಗಿದ್ದನ್ನ ಕೊಟ್ಬಿಡೋಣ ಅಂತ್ಲೇ ಕೇಳಿದ್ದು ಕಣಕ್ಕ. ಲಾಸ್ಟ್ ಬಂದಿದ್ದು ನಂಗೇ ಇರ್ಲಿ ಬುಡಿ."

ಬಸ್ಸಿನಲ್ಲಿ ತುಮಕೂರಿನವರೆಗೂ ಮೊಟ್ಟೆ ಹಿಡಿಯುತ್ತಲೇ ಬಂದೆ. ಒಂದನ್ನೂ ಬೀಳಿಸಲಿಲ್ಲ, ಖುಷಿಯೂ ಆಗಲಿಲ್ಲ.