ಕಣ್ಣಿ ಬಿಚ್ಚಿಕೊಂಡು ಮಾರಿದ ಸೈಕಲ್

ಕೋಣಂದೂರಿನಿಂದ ನಾವು ಮರಳಿ ತಂದದ್ದು ಸೈಕಲ್ಲಿನ ಬೆಲ್ಲೋ, ಗಾಳಿ ಹೊಡೆಯುವ ಪಂಪೋ ಎಂಬ ವಿಷಯದಲ್ಲಿ ನನಗೂ ಗೆಳೆಯ ಶ್ರೀಪತಿಗೂ ಇನ್ನೂ ಒಮ್ಮತವಿಲ್ಲ. ಬೆಲ್ಲು ಎಂದು ನನ್ನ ನೆನಪು. ಆದರೆ ಕಂಡದ್ದಕ್ಕೆ ಆಮೇಲೆ ಬಣ್ಣ ಬಳಿಯುವ ಚಾಳಿ ನನ್ನ ನೆನಪಿಗಿದೆ. ಅದರ ಸಾಕ್ಷಿಯನ್ನು ನಾನೇ ಪೂರ್ತಿ ನಂಬುವುದಿಲ್ಲ.

ಅರವತ್ತರ ದಶಕದ ಒಂದು ಬೇಸಿಗೆ. ಮೈಸೂರಿನಲ್ಲಿ ಎಂ.ಎ. ಮುಗಿಸಿ, ಒಂದು ಕಡೆ ಕಾಲು ನಿಲ್ಲದೆ ತಿರುಗುತ್ತಿದ್ದೆ. ಸಾಗರದ ಪೇಟೆಯಲ್ಲಿ ದಿನಕ್ಕೊಂದು ಹೊಸ ಸಾಮಾನು: ರೇಡಿಯೋ, ಕೈಗಡಿಯಾರ, ಸೀಮೆಎಣ್ಣೆ ಸ್ಟವ್. ಶ್ರೀಪತಿ ಸೈಕಲ್ ಅಂಗಡಿ ಇಟ್ಟಿದ್ದ. ಮೇಷ್ಟರುಗಳು, ಗುಮಾಸ್ತರು ಕೊಂಡಾದ ಮೇಲೆ ಗಿರಾಕಿಗಳು ನಿಂತರು. ಬಂಡವಾಳ ಹಾಕಿದ್ದ ಅವನ ಭಾವ ಕಡ್ಡಿ ಮುರಿದಂತೆ ಹೇಳಿದ್ದರು: "ಹಳ್ಳಿಯೋರು ತಗೋತಾರೆ ಅಂತೀಯಲ್ಲ, ಒಂದಾದ್ರೂ ಮಾರಿ ತೋರ್ಸು. ಇಲ್ದಿದ್ರೆ ಬೀಗ ಹಾಕಿ ನಮ್ಮ ಜವಳಿ ಅಂಗ್ಡೀಲಿ ಬಂದು ಕೂತ್ಕೋ."

ಬೆಳಗಿನ ಬಸ್ಸಿನ ನೆತ್ತಿಗೆ ಹೊಸ ಕಪ್ಪು ಸೈಕಲ್ಲೊಂದನ್ನು ಕಟ್ಟಿ ಹೊರಟೆವು. ಕಂಡಕ್ಟರು ಅದಕ್ಕೂ ಅರ್ಧ ಟಿಕೆಟ್ಟು ಹರಿದ. ಹೊಸನಗರದಲ್ಲಿ ಇಳಿಸುವಾಗ ಕೆಂಪು ದೂಳು ಕುಡಿದು ಅದು ಹಳೆಯ ಸೈಕಲ್ಲಿನಂತಾಗಿತ್ತು. ಹೋಟೆಲಿನ ಮುಂದೆ ಒರೆಸಿ ನಿಲ್ಲಿಸಿ, ನಾವು ಅವಲಕ್ಕಿ, ಕಾಫಿ ಮುಗಿಸುವಷ್ಟರಲ್ಲಿ ಜನ ಸೇರಿದರು. ಬೆಲ್ಲು ಬಾರಿಸದವರಿಲ್ಲ, ಕೊಳ್ಳುವವರಿಲ್ಲ.

"ಇಳಿಜಾರಲ್ಲಿ ಇದು ನಮ್ಮನ್ನ ಹೊರ್ತದೆ, ಸೈ. ಏರಲ್ಲಿ ನಾವೇ ಇದನ್ನ ಹೊರ್ಬೇಕಲ ಮಾರಾಯ್ರೇ!" ಎಂದು ಮುದುಕನೊಬ್ಬ ನಗಿಸಿದ.

ಮರುದಿನ ಕೋಣಂದೂರಿನ ಪೇಟೆಯಲ್ಲಿ ಮಂಜಪ್ಪಗೌಡರೆಂಬ ಗದ್ದೆ ಬೇಸಾಯಗಾರರು ಸೈಕಲ್ಲನ್ನು ಎರಡು ಸುತ್ತು ಹಾಕಿದರು. "ಏರು ಹತ್ಸೋದು ನನ್ ಕೆಲ್ಸ. ಇದು ಚೀಲ ಹೊರ್ತದಾ, ಅದು ಹೇಳಿ" ಎಂದು ಹತ್ತಿರದ ತಮ್ಮ ಮನೆಗೆ ಕರೆದೊಯ್ದರು. ಅಲ್ಲಿ ಕ್ಯಾರಿಯರಿಗೆ ಅಕ್ಕಿ ಚೀಲ ಬಿಗಿದು, ಹೊಸ ಎತ್ತನ್ನು ಪರೀಕ್ಷಿಸುವಂತೆ ಮನೆಯೆದುರಿನ ಏರಿನಲ್ಲಿ ನೂಕಿ ನೋಡಿದರು. ಹತ್ತಿ ತುಳಿಯುವ ಯೋಚನೆಯೇ ಅವರಿಗೆ ಬರಲಿಲ್ಲ. ವ್ಯಾಪಾರ ಕುದುರಿತು. ಅಷ್ಟರಲ್ಲಿ ಗೌಡರ ತಾಯಿ ಜಗಲಿಗೆ ಬಂದರು.

"ಕಣ್ಣಿ ಬಿಚ್ಕೊಳ್ರಿ ಮತ್ತೆ."

ದನ ಮಾರುವವರು ಅದರ ಕಣ್ಣಿಯನ್ನು, ಎಂದರೆ ಕಟ್ಟುವ ಹಗ್ಗವನ್ನು, ಕೊಡುವುದಿಲ್ಲ. ಕೊಟ್ಟರೆ ಕೊಟ್ಟಿಗೆಯ ಭಾಗ್ಯವೂ ದನದ ಹಿಂದೆಯೇ ಹೋಗುತ್ತದೆಂಬ ನಂಬಿಕೆ.

"ಅಮ್ಮ, ಇದು ದನ ಅಲ್ಲ, ಕಬ್ಬಿಣ" ಎಂದೆ.

"ಓದಿದೋರು ನೀವು, ಕಣ್ಣು ಕಾಣ್ದಾ? ಇಲ್ಲೇ ಇದ್ಯಲ ಹಗ್ಗ!" ಆಕೆ ಪೆಡಲಿನ ಚೈನು ತೋರಿಸಿದರು.

ಶ್ರೀಪತಿ ಗಾಬರಿಯಾದ. "ಅದನ್ನ ತೆಗೆದ್ರೆ ಗಾಡೀನೇ ಓಡಲ್ಲಮ್ಮ!"

"ಹಂಗಾರೆ ಬ್ಯಾಡ. ಇನ್ನೊಬ್ರ ಮನೆ ಭಾಗ್ಯ ಹೊಡ್ಕೊಂಡ್ ಬಂದ್ರು ಅನ್ನಿಸ್ಕೊಳ್ಳೋದು ಬ್ಯಾಡ. ಮಂಜಪ್ಪ, ಚೀಲ ಇಳ್ಸು."

ಗೌಡರು ಚೀಲ ಬಿಚ್ಚತೊಡಗಿದರು. ನಾನು ವಾದಕ್ಕೆ ಬಾಯಿ ತೆರೆದಾಗ ಶ್ರೀಪತಿ ನನ್ನ ಕಾಲು ತುಳಿದ. ಜವಳಿ ಅಂಗಡಿಯ ಗಾದಿ ಅವನ ಕಣ್ಣ ಮುಂದೆ ಬಂದಿರಬೇಕು. "ಅಮ್ಮ, ಕೊರಳಿಗೆ ಕಟ್ಟಿದ್ದು ಬಿಚ್ಕೊಂಡ್ರೆ ಆಗಲ್ವಾ?" ಎಂದವನೇ ಹ್ಯಾಂಡಲಿನಿಂದ ಬೆಲ್ಲು ಕಳಚಿ ಕೈಯಲ್ಲಿ ಹಿಡಿದ. ಕಳಚಿದ್ದು ಪಂಪು, ಕೊರಳಿನ ಮಾತು ನಾನು ಕಟ್ಟಿದ್ದು ಎಂಬುದು ಅವನ ವಾದ. ಏನೇ ಇರಲಿ, ಮುದುಕಿ ಒಪ್ಪಿ ತಲೆಯಾಡಿಸಿದರು. ನಮಗೆ ಮಜ್ಜಿಗೆ ಬಂತು.

ಸಂಜೆ ತೀರ್ಥಹಳ್ಳಿಗೆ ಹೋಗಿ ಉಳಿದೆವು. ತುಂಗೆಯ ಸೇತುವೆಯಿಂದ ಗಾಳಿ ತಂಪಾಗಿ ಬರುತ್ತಿತ್ತು. ಅಲ್ಲಿನ ಸೈಕಲ್ ರಿಪೇರಿಯವನಿಗೆ ಶ್ರೀಪತಿ ನಡೆದದ್ದನ್ನೆಲ್ಲ ಹೇಳಿದ. ಅವನು ಹೊಟ್ಟೆ ಹಿಡಿದು ನಕ್ಕ. "ಅದಕ್ಯಾಕೆ ಸಾಮಾನು ಕಳೀತೀರಿ? ಮೊದ್ಲೇ ಒಂದ್ ತುಂಡು ಹಗ್ಗ ಕಟ್ಕೊಂಡ್ ಹೋಗಿ. ಮಾರೋವಾಗ ಬಿಚ್ಕೊಳ್ಳಿ!"

ಸಾಗರಕ್ಕೆ ಮರಳಿದಾಗ ಬಸ್ಸಿನ ನೆತ್ತಿ ಖಾಲಿಯಿದ್ದುದನ್ನು ಭಾವ ಕಂಡರು. ಬೀಗದ ಮಾತು ಮತ್ತೆ ಬರಲಿಲ್ಲ. ಅಲ್ಲಿಂದ ಮುಂದೆ ಹಳ್ಳಿಗಳಿಗೆ ಹೋಗುವ ಶ್ರೀಪತಿಯ ಸೈಕಲ್ಲುಗಳ ಹ್ಯಾಂಡಲಿಗೆ ತೆಂಗಿನ ನಾರಿನ ಹಗ್ಗವಿರುತ್ತಿತ್ತು.

ಹಲವು ವರ್ಷಗಳ ನಂತರ ಕೋಣಂದೂರಿನ ಕಡೆ ಹೋದಾಗ, ಬೆಲ್ಲೋ ಪಂಪೋ ಎಂಬ ಸಂಶಯ ತಡೆಯಲಾರದೆ ಗೌಡರ ಮನೆ ಹುಡುಕಿಕೊಂಡು ಹೋದೆ. ಸೈಕಲ್ಲು ಗೋಡೆಗೆ ಒರಗಿತ್ತು. ಹ್ಯಾಂಡಲಿಗೆ ದನದ ಕೊರಳಿನ ಸಣ್ಣ ಕಂಚಿನ ಗಂಟೆಯೊಂದನ್ನು ದಾರದಲ್ಲಿ ಕಟ್ಟಿದ್ದರು. ಪಂಪು ತುಕ್ಕು ಹಿಡಿದು ತನ್ನ ಜಾಗದಲ್ಲೇ ಇತ್ತು. ಇದನ್ನು ಹೇಳಿದರೆ ಶ್ರೀಪತಿ, ಅದೂ ನಾನು ಆಮೇಲೆ ಬಳಿದ ಬಣ್ಣವೇ ಎನ್ನುತ್ತಾನೆ.