ಪದವಿನ ಪಳ್ಳದ ಬಿಳಿ ಹೂವು

ಬಸ್‌ಸ್ಟ್ಯಾಂಡಿನಲ್ಲಿ ಮಲ್ಲಿಗೆ ಮಾರುತ್ತಾ ಶುರುಮಾಡಿದವಳು ನಾನು. ಈಗ ಮಂಜೇಶ್ವರದಲ್ಲಿ ತಾವರೆ, ನೈದಿಲೆಗಳ ನರ್ಸರಿ ನಡೆಸುತ್ತಿದ್ದೇನೆ. ನೀರಿನ ಗಿಡಗಳ ವಿಷಯಕ್ಕೆ ಜನ ನನ್ನನ್ನೇ ಹುಡುಕಿಕೊಂಡು ಬರುತ್ತಾರೆ. ಕಳೆದ ಮಳೆಗಾಲದಲ್ಲಿ ಕಾಲೇಜಿನ ಟೀಚರೊಬ್ಬರು ಬಂದರು. ಗೋವಾದಿಂದ ಕೆಳಗೆ ಕರಾವಳಿಯುದ್ದಕ್ಕೂ ಅಳಿಯುತ್ತಿರುವ ನೀರಿನ ಗಿಡಗಳನ್ನು ಹುಡುಕಿ ಉಳಿಸುವುದು ಅವರ ಕೆಲಸ.

ಅವರನ್ನು ನಮ್ಮ ಕಡೆಯ ಅನಂತಪುರದ ಆಚೆ, ಕೆಂಪುಕಲ್ಲಿನ ಬೋಳು ಪದವೊಂದಕ್ಕೆ, ಅಂದರೆ ಗುಡ್ಡದ ಮೇಲಿನ ಬಯಲಿಗೆ, ಕರೆದುಕೊಂಡು ಹೋದೆ. ಮಳೆಗಾಲದಲ್ಲಿ ಮಾತ್ರ ನೀರು ನಿಲ್ಲುವ ಸಣ್ಣ ಪಳ್ಳ ಅಲ್ಲಿದೆ. ಜಾಗದ ಯಜಮಾನರು ಗಲ್ಫಿನಿಂದ ಬಂದು ಅದನ್ನು ಕೊಂಡವರು, ನನ್ನ ಗಿರಾಕಿ. ಅವರೂ ಜೊತೆಗೆ ಬಂದರು.

ಟೀಚರ್ ನೀರಿಗಿಳಿದು, ಉಗುರಿನಷ್ಟು ಬಿಳಿ ಹೂವೊಂದನ್ನು ಅಂಗೈಯಲ್ಲಿ ಎತ್ತಿ ಹಿಡಿದರು. "ಇಷ್ಟುದ್ದ ಕರಾವಳಿಯಲ್ಲಿ ಇದನ್ನು ಬೇರೆಲ್ಲೂ ನಾನು ಕಂಡಿಲ್ಲ" ಎಂದರು.

ಯಜಮಾನರ ಮುಖ ಇಳಿಯಿತು. "ಹಾಗಾದ್ರೆ ನಾಳೆ ಸರಕಾರದವರು ಬಂದು ಬೋರ್ಡು ಹಾಕ್ತಾರೆ. ಮತ್ತೆ ನನಗೆ ಜಾಗ ಎಲ್ಲಿ ಉಂಟು?"

ಅಂಥದ್ದೇನೂ ಇಲ್ಲವೆಂದು ಇಬ್ಬರೂ ಹೇಳಿದೆವು. ಅವರು ಕೇಳಿಸಿಕೊಳ್ಳಲಿಲ್ಲ. ನೀವೂ ಗಿಡ ಹುಡುಕುವವರಾದರೆ ಒಂದು ಮಾತು ಹೇಳುತ್ತೇನೆ: ಯಜಮಾನರ ಹತ್ತಿರ ಮೊದಲು ಜಾಗದ ಮಾತು ಮುಗಿಸಿ, ಗಿಡದ ಮಾತು ಆಮೇಲೆ. ನಾನು ಉಲ್ಟಾ ಮಾಡಿದ್ದೆ. ಆ ಗಿಡ ಹೋದರೆ ದಾರಿ ತೋರಿಸಿದವಳು ನಾನೇ.

ಮರುದಿನ ಬೆಳಿಗ್ಗೆ ಓಡಿದೆ. ಪಳ್ಳದ ಬದಿಯಲ್ಲಿ ಜೆಸಿಬಿ ನಿಂತಿತ್ತು.

"ಅಕ್ಕಾ, ನಿನ್ನೆಯ ಗಿಡ ಯಾವುದು? ನೀವು ತೋರಿಸಿದ್ರೆ ಅದೊಂದನ್ನೇ ಕೀಳ್ತೇನೆ. ಇಲ್ಲದಿದ್ರೆ ಪಳ್ಳವನ್ನೇ ಮುಚ್ಚಿಸ್ತೇನೆ" ಎಂದರು ಯಜಮಾನರು.

ಅವರು ನಿನ್ನೆ ದಡದಲ್ಲೇ ಇದ್ದವರು, ಹೂವನ್ನು ಸರಿಯಾಗಿ ನೋಡಿರಲಿಕ್ಕಿಲ್ಲ ಎಂಬ ಒಂದೇ ಧೈರ್ಯದಲ್ಲಿ ಅಂಚಿನ ನೀಲಿ ಹೂವಿನ ಗಿಡಗಳತ್ತ ಕೈ ತೋರಿಸಿದೆ. ಗದ್ದೆಗಳಲ್ಲಿ ಬೇಕಾದಷ್ಟು ಬೆಳೆಯುವ ಕಳೆ ಅದು. ಅವರು ಲುಂಗಿ ಎತ್ತಿ ಕಟ್ಟಿ ನೀರಿಗಿಳಿದು ಒಂದೊಂದನ್ನೇ ಕಿತ್ತು ಬಂಡೆಗೆ ಎಸೆದರು. ಬಿಳಿ ಹೂಗಳು ಅವರ ಮೀನಖಂಡಕ್ಕೆ ತಾಗುತ್ತಿದ್ದವು. ನಾನು ಜೆಸಿಬಿಯ ಚಕ್ರವನ್ನೇ ನೋಡುತ್ತಾ ನಿಂತೆ.

"ಇನ್ನು ಉಂಟಾ?"

"ಇಲ್ಲ ಅಣ್ಣಾ, ಮುಗಿಯಿತು."

ಜೆಸಿಬಿ ವಾಪಸು ಹೋಯಿತು. ಟೀಚರಿಗೆ ಫೋನ್ ಮಾಡಿ, ನಿಮ್ಮ ವರದಿಯಲ್ಲಿ ಈ ಪದವಿನ ಹೆಸರು ಹಾಕಬೇಡಿ ಎಂದು ಬೇಡಿಕೊಂಡೆ. ಅವರು, "ಎಲ್ಲಿ ಉಂಟು ಅಂತ ಬರೆಯದೆ ಅದನ್ನು ಉಳಿಸಿ ಅಂತ ಯಾರನ್ನು ಕೇಳಲಿ?" ಎಂದರು.

ವರದಿ ಇನ್ನೂ ಬಂದಿಲ್ಲ. ಯಜಮಾನರ ಫೋನ್ ಬಂದರೆ, ಹಿಂದೆ ಜೆಸಿಬಿಯ ಸದ್ದು ಕೇಳಿಸುತ್ತದಾ ಎಂದು ಈಗಲೂ ಮೊದಲು ಕಿವಿಗೊಡುತ್ತೇನೆ.