ಬಿಟ್ಟು ಹೋಗುವವರಿಗಷ್ಟೇ ಭತ್ಯೆ

ಪಕ್ಕದ ಕೋಣೆ ಈಗ ಖಾಲಿ. ಆದರೂ ಪಾಠ ಮಾಡುವಾಗ ಒಮ್ಮೊಮ್ಮೆ ದನಿ ತಗ್ಗಿಸುತ್ತೇನೆ, ಗೋಡೆಯಾಚೆ ನನ್ನ ಸಹೋದ್ಯೋಗಿಯ ತರಗತಿಗೆ ತೊಂದರೆಯಾದೀತೆಂದು. ಆಮೇಲೆ ನೆನಪಾಗಿ ಮೈ ಜುಮ್ಮೆನ್ನುತ್ತದೆ. ಅವರೇನು ಸತ್ತಿಲ್ಲ. ಹೈದರಾಬಾದಿನ ಖಾಸಗಿ ವಿಶ್ವವಿದ್ಯಾಲಯವೊಂದರಲ್ಲಿ ಗಟ್ಟಿಮುಟ್ಟಾಗಿ ಪಾಠ ಮಾಡಿಕೊಂಡಿದ್ದಾರೆ. ಬದುಕಿರುವವರು ಹೀಗೆ ಕಾಡಿದರೆ ಯಾರಿಗೆ ಹೇಳಿಕೊಳ್ಳುವುದು?

ಬಳ್ಳಾರಿಯ ನಮ್ಮ ಸರ್ಕಾರಿ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗದಲ್ಲಿ ನಾನು, ಅವರು ಇಬ್ಬರೇ ಕಾಯಂ ಅಧ್ಯಾಪಕರಾಗಿದ್ದೆವು. ಅವರು ದಿನಾ ಸಿರುಗುಪ್ಪದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಬೇರೆ ವಿಭಾಗಗಳವರು ಒಬ್ಬೊಬ್ಬರೇ ಖಾಸಗಿ ಕಡೆ ಜಾರತೊಡಗಿದಾಗ, ಒಳ್ಳೆಯವರನ್ನು ಉಳಿಸಿಕೊಳ್ಳಲು ಸಂಬಳದ ಮೇಲೆ ವಿಶೇಷ ಭತ್ಯೆ ಕೊಡುವುದೆಂದು ತೀರ್ಮಾನವಾಯಿತು. ಬಳ್ಳಾರಿಯಲ್ಲೊಂದು ಮನೆ ಮಾಡುವ ಆಸೆಯಿಂದ ಅವರೂ ಕೇಳಿದರು. ಬೇರೆ ಕಡೆ ಕೆಲಸ ಸಿಕ್ಕಿದೆಯೆಂದು ತೋರಿಸಿದವರಿಗೆ ಮಾತ್ರ ಎಂದಿತು ಕಚೇರಿ. ಅಲ್ಲ, ಎಲ್ಲಿಗೂ ಹೋಗದೆ ಕೂತವರನ್ನು ಉಳಿಸಿಕೊಳ್ಳಲು ಖರ್ಚೇಕೆ! ಈಗಲೂ ನನಗೆ ಮೈ ಉರಿಯುತ್ತದೆ.

“ನಾ ಎಲ್ಲಿಗೆ ಹೋಗ್ಲಿ ಮೇಡಂ? ನನ್ನ ಕಲ್ಲು, ನನ್ನ ಹುಡುಗ್ರು ಎಲ್ಲಾ ಇಲ್ಲೇ,” ಎಂದರು. ಆದರೂ ಅರ್ಜಿ ಹಾಕಿದರು. ಇಲ್ಲಿ ಉಳಿಯಲೆಂದೇ ಹೈದರಾಬಾದಿಗೆ ಹೋಗಿ ಸಂದರ್ಶನ ಕೊಟ್ಟು ಬಂದರು. ಕೆಲಸ ಸಿಕ್ಕಿಬಿಟ್ಟಿತು.

ಆ ನೇಮಕಪತ್ರವನ್ನು ಕಚೇರಿಗೆ ತೋರಿಸುವ ಮೊದಲೇ ಸುದ್ದಿ ಊರೆಲ್ಲಾ ಹಬ್ಬಿತು. ನಮ್ಮವರಿಗೆ ಸನ್ಮಾನವೆಂದರೆ ತಡೆಯಲಾಗದು. ಮರುದಿನವೇ ಬೀಳ್ಕೊಡುಗೆ: ಶಾಲು, ಪೇಟ, ಹಣ್ಣಿನ ಬುಟ್ಟಿ, ಎಲ್ಲರಿಗೂ ತಿನ್ನಲು ಒಗ್ಗರಣೆ ಮಂಡಕ್ಕಿ, ಮಿರ್ಚಿ. “ಅಷ್ಟು ಪಗಾರ ಬಿಟ್ಟು ಇಲ್ಲಿ ಯಾರಿರ್ತಾರ್ರೀ? ನಮ್ಮ ಬಳ್ಳಾರಿ ಹೆಸರು ಎತ್ತಿದ್ರಿ ನೀವು!” ಎಂದು ಭಾಷಣಗಳಾದವು. ಆ ಸಂಬಳ ಕೇಳಿದ ಮೇಲೆ ಅವರ ಮನಸ್ಸು ಬದಲಾಗಿರಬೇಕೆಂದು ನಾನೂ ಅಂದುಕೊಂಡೆ. ಪೇಟ ಸುತ್ತಿಸಿಕೊಂಡು ಅವರು ನಗುತ್ತಾ ಕೂತಿದ್ದರು. ಬೀಳ್ಕೊಡುಗೆ ಮಾಡಿಸಿಕೊಂಡವರು ಮರುದಿನ ಬಂದು, ನನ್ನನ್ನು ಇಲ್ಲೇ ಇರಿಸಿಕೊಳ್ಳಿ ಎಂದು ಭತ್ಯೆ ಕೇಳುವುದುಂಟೇ? ಅವರು ಹೊರಟೇ ಹೋದರು.

ಈ ವರ್ಷ ವಿದ್ಯಾರ್ಥಿಗಳನ್ನು ಕುರುಗೋಡಿನ ಗುಡ್ಡಕ್ಕೆ ನಾನೊಬ್ಬಳೇ ಕರೆದುಕೊಂಡು ಹೋದೆ. ಬಂಡೆಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಆಮೇಲೆ ಮಾತು ಶುರು ಮಾಡುವುದು ಅವರ ರೂಢಿ. ಮೇಲೆ ಹತ್ತಿ ನಿಂತಾಗ ಬೆನ್ನ ಹಿಂದೆಯೇ ಆ ಸದ್ದು ಕೇಳಿಸಿತು. ತಿರುಗಿದೆ. ಯಾರೂ ಇರಲಿಲ್ಲ. ಹಿಂದೆ ಅವರ ಪಾಠ ಕೇಳಿದ್ದ ಇಬ್ಬರು ವಿದ್ಯಾರ್ಥಿಗಳೂ ಅತ್ತಲೇ ನೋಡುತ್ತಿದ್ದರು. ನನಗೆ ಹೆದರಿಕೆಯಾಯಿತು. ಅಲ್ಲಿಂದಲೇ ಅವರಿಗೆ ಫೋನ್ ಮಾಡಿದೆ.

“ಗುಡ್ಡದ ಮ್ಯಾಲ ಅದೀರಿ ಹೌದಿಲ್ಲೋ? ಗಾಳಿ ಕೇಳಾಕತ್ತೈತಿ,” ಎಂದರು. ಆಮೇಲೆ, “ಅವತ್ತು ಸನ್ಮಾನದಾಗ ಎಲ್ರೂ ಮಾತಾಡಿದ್ರಿ ಮೇಡಂ. ಒಬ್ರಾದ್ರೂ ‘ಹೋಗಬ್ಯಾಡ್ರಿ’ ಅಂತೀರೇನೋ ಅಂತ ಕೊನೀತನಕ ಕಾದೆ. ಅಂದಿದ್ರ ಭತ್ಯೆನೂ ಬ್ಯಾಡಾಗಿತ್ತು,” ಎಂದರು.

ಆಗಲೂ ನನ್ನ ಬಾಯಿಂದ ಹೊರಟದ್ದು, “ಆರೋಗ್ಯ ನೋಡ್ಕೊಳ್ರಿ ಸರ್,” ಎಂಬ ಮಾತಷ್ಟೇ.